ಪಂಪು ಕೆಟ್ಟರೆ ಯಾರನ್ನು ಕರೆಯಬೇಕು? ಆಫ್ರಿಕಾದ ಹಳ್ಳಿಗಳಿಗೆ ಬಾವಿ ನೀರು ಬಂದ ಕಥೆ



ಗಲ್ಫಿನಲ್ಲಿ ಒಂದೆರಡು ವರ್ಷ ಕಳೆದವರಿಗೆ ಈ ಮಾತು ಹೊಸದೇನಲ್ಲ. ರಂಜಾನ್ ತಿಂಗಳು ಬಂತೆಂದರೆ ಮಾಲ್‌ಗಳ ಬಾಗಿಲಲ್ಲಿ, ಫೋನಿನ ಮೆಸೇಜಿನಲ್ಲಿ, ಒಂದೇ ಮನವಿ: "ಆಫ್ರಿಕಾದ ಹಳ್ಳಿಯಲ್ಲಿ ಒಂದು ಬಾವಿ ತೋಡಿಸಿ." ಜೊತೆಗೆ ಒಂದು ಫೋಟೋ ಇರುತ್ತದೆ. ಕೈಪಂಪಿನ ಬಾಯಿಂದ ನೀರು ಧುಮುಕುತ್ತಿರುತ್ತದೆ, ಸುತ್ತ ಮಕ್ಕಳು ನಗುತ್ತಿರುತ್ತಾರೆ. ಅರಬರು ಕೊಡುತ್ತಾರೆ, ನಮ್ಮವರೂ ಕೊಡುತ್ತಾರೆ. ಜಾತಿ ಧರ್ಮ ಯಾವುದಾದರೂ ಇರಲಿ, ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಅರವಟ್ಟಿಗೆ ಇಡುವುದು ಪುಣ್ಯ ಅಂತ ಕೇಳಿಕೊಂಡೇ ಬೆಳೆದವರು ನಾವು. ಸಂಬಳದಲ್ಲಿ ಊರಿಗೆ ಕಳಿಸಿ ಉಳಿದದ್ದರಲ್ಲೇ ಹತ್ತೋ ಇಪ್ಪತ್ತೋ ಹಾಕಿದವರು ನಮ್ಮ ಲೇಬರ್ ಕ್ಯಾಂಪುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ.

ಫೋಟೋ ತೆಗೆದ ಮೇಲೆ ಆ ಪಂಪು ಏನಾಗುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೆಚ್ಚಾಗಿ ಕೇಳುವುದಿಲ್ಲ. ಪಂಪು, ಮೋಟಾರು, ಪೈಪುಗಳ ಕೆಲಸದಲ್ಲೇ ಹೊಟ್ಟೆ ಹೊರೆಯುವವನಾದ ನನಗೆ ಈ ಪ್ರಶ್ನೆ ಬಹಳ ಕಾಡಿತು. ಹುಡುಕುತ್ತಾ ಹೋದಾಗ ದೊಡ್ಡದೊಂದು ಇತಿಹಾಸವೇ ಸಿಕ್ಕಿತು. ಆ ಫೋಟೋಗಳಲ್ಲಿ ಕಾಣುವ ಪಂಪುಗಳಲ್ಲಿ ಬಹಳಷ್ಟು ಹುಟ್ಟಿದ್ದು ಯುರೋಪಿನಲ್ಲಲ್ಲ, ಅಮೆರಿಕಾದಲ್ಲೂ ಅಲ್ಲ. ನಮ್ಮ ವಿಜಯಪುರದಿಂದ ಬಸ್ಸಿನಲ್ಲಿ ಎರಡು ಮೂರು ತಾಸಿನ ದಾರಿಯ ಸೋಲಾಪುರದಲ್ಲಿ ಅದರ ಬೇರಿದೆ! ಈ ಲೇಖನದಲ್ಲಿ ಆ ಕಥೆಯನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ನಾರುಹುಣ್ಣು ಎಂಬ ಶಾಪ

ಮೊದಲು, ಬಾವಿ ನೀರು ಯಾಕೆ ಬೇಕಾಯಿತು ಎನ್ನುವುದನ್ನು ನೋಡೋಣ. ಆಫ್ರಿಕಾದಲ್ಲಿ ನೀರೇ ಇಲ್ಲ ಅಂತ ನಾವು ತಿಳಿದುಕೊಂಡಿರುತ್ತೇವೆ. ಅದು ಪೂರ್ತಿ ನಿಜವಲ್ಲ. ಘಾನಾ, ನೈಜೀರಿಯಾ, ಉಗಾಂಡಾದಂಥ ದೇಶಗಳಲ್ಲಿ ಮಳೆಗಾಲದಲ್ಲಿ ನೀರು ಧಾರಾಳವಾಗಿ ಇರುತ್ತದೆ. ಆದರೆ ಅದು ಹೊಂಡದ ನೀರು, ಹಳ್ಳದ ನೀರು. ದನ ಕುಡಿಯುವುದೂ ಅಲ್ಲೇ, ಬಟ್ಟೆ ಒಗೆಯುವುದೂ ಅಲ್ಲೇ, ಕೊಡ ತುಂಬುವುದೂ ಅಲ್ಲೇ. ಬೇಸಿಗೆ ಬಂದರೆ ಹೊಂಡ ಬತ್ತಿ ಕೆಸರು ಉಳಿಯುತ್ತದೆ. ಆಗ ಒಣಗಿದ ಹೊಳೆಯ ಮರಳಿನಲ್ಲಿ ಗುಂಡಿ ತೋಡಿ, ಒಸರುವ ನೀರನ್ನು ಸೋರೆಬುರುಡೆಯಿಂದ ತೋಡಿ ತುಂಬಬೇಕು. ನಮ್ಮ ಬಯಲುಸೀಮೆಯಲ್ಲಿ ಇದನ್ನೇ ವರ್ತಿ ತೋಡುವುದು ಅನ್ನುತ್ತೇವೆ.

ಈ ಹೊಂಡದ ನೀರಿನಿಂದ ಬರುವ ರೋಗಗಳಲ್ಲಿ ಒಂದರ ಹೆಸರು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಅದೇ ನಾರುಹುಣ್ಣು. ನಿಂತ ನೀರಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ನೀರುಚಿಗಟ ಇರುತ್ತದೆ, ಅದರ ಹೊಟ್ಟೆಯಲ್ಲಿ ಒಂದು ಹುಳದ ಮರಿ ಇರುತ್ತದೆ. ಆ ನೀರನ್ನು ಸೋಸದೆ ಕುಡಿದರೆ ಮರಿ ನಮ್ಮ ಹೊಟ್ಟೆ ಸೇರುತ್ತದೆ. ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಒಂದು ಮೀಟರ್‌ವರೆಗೂ ಉದ್ದದ ನಾರಿನಂಥ ಹುಳ ಹೊರಗೆ ಬರಲು ಶುರುವಾಗುತ್ತದೆ. ಎಳೆದರೆ ತುಂಡಾಗುತ್ತದೆ, ತುಂಡಾದರೆ ಕೀವು. ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ವಾರಗಟ್ಟಲೆ ಎಳೆಯಬೇಕು. ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಉರಿ ತಾಳಲಾರದೆ ಮನುಷ್ಯ ಹೋಗಿ ಹೊಂಡದ ನೀರಿಗೆ ಕಾಲಿಡುತ್ತಾನೆ. ಹುಳ ಕಾಯುತ್ತಿದ್ದದ್ದೇ ಅದಕ್ಕೆ! ನೀರು ತಾಕಿದ ಕೂಡಲೇ ಸಾವಿರಾರು ಮರಿಗಳನ್ನು ಬಿಡುತ್ತದೆ. ಮತ್ತೆ ಚಿಗಟ, ಮತ್ತೆ ಕೊಡ, ಮತ್ತೆ ಮನುಷ್ಯ.

ಇದಕ್ಕೆ ಗುಣಪಡಿಸುವ ಔಷಧವೂ ಇಲ್ಲ, ಲಸಿಕೆಯೂ ಇಲ್ಲ. ಬಿತ್ತನೆ ಅಥವಾ ಸುಗ್ಗಿಯ ಹೊತ್ತಿಗೆ ಇದು ಬಂದರೆ ಇಡೀ ಮನೆ ಹಾಸಿಗೆ ಹಿಡಿಯುತ್ತದೆ, ಹೊಲ ಬೀಳು ಬೀಳುತ್ತದೆ, ಮಕ್ಕಳು ಶಾಲೆ ಬಿಡುತ್ತಾರೆ. ಭಾರತದಲ್ಲಿ ಈ ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಳಿದು ನೀರು ತುಂಬುವ ಮೆಟ್ಟಿಲುಬಾವಿಗಳೇ ನಮ್ಮಲ್ಲಿ ಅದರ ಮನೆಯಾಗಿದ್ದವು. ಅವುಗಳನ್ನು ಸೇದುಬಾವಿಯಾಗಿ ಮಾರ್ಪಡಿಸಿ, ಊರೂರಿಗೆ ಕೈಪಂಪು ಕೊಟ್ಟು, ಬಟ್ಟೆಯಲ್ಲಿ ನೀರು ಸೋಸುವುದನ್ನು ಮನೆಮನೆಗೆ ಕಲಿಸಿ ನಮ್ಮ ದೇಶ ಅದನ್ನು ಓಡಿಸಿತು. ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಮುಕ್ತವಾಯಿತು ಎಂದು ಘೋಷಿಸಿತು.

ಆಫ್ರಿಕಾದಲ್ಲೂ ಅದೇ ದಾರಿ ಹಿಡಿದರು. 1986ರಲ್ಲಿ ಆಫ್ರಿಕಾ ಮತ್ತು ಏಷ್ಯಾ ಎರಡೂ ಸೇರಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಈ ರೋಗ ಬರುತ್ತಿತ್ತು ಅಂತ ಅಂದಾಜು. 2023ರಲ್ಲಿ ಇಡೀ ಜಗತ್ತಿನಲ್ಲಿ ಮನುಷ್ಯರಲ್ಲಿ ಕಂಡದ್ದು 14 ಮಾತ್ರ. ಮಾತ್ರೆ ಇಲ್ಲದೆ, ಸೂಜಿ ಇಲ್ಲದೆ, ಸೋಸುವ ಬಟ್ಟೆ, ತಿಳಿವಳಿಕೆ ಮತ್ತು ಒಳ್ಳೆಯ ನೀರಿನಿಂದ ಆದ ಕೆಲಸ ಇದು. ಮುಚ್ಚಿದ ಬಾವಿಯ ನೀರಿನ ಬೆಲೆ ಏನು ಅಂತ ಕೇಳಿದರೆ ಈ ಎರಡು ಅಂಕಿಗಳೇ ಸಾಕು.

ಮರದ ತುಂಡಿನ ಪಂಪು

ಆಫ್ರಿಕಾದವರು ಬಾವಿ ತೋಡುವುದನ್ನು ಹೊರಗಿನವರಿಂದ ಕಲಿಯಬೇಕಾಗಿರಲಿಲ್ಲ, ಕೈಯಿಂದ ತೋಡಿದ ಬಾವಿಗಳು ಅಲ್ಲಿ ಹಿಂದಿನಿಂದಲೂ ಇದ್ದವು. ಆದರೆ ತೆರೆದ ಬಾವಿಗೆ ಕಸ ಬೀಳುತ್ತದೆ, ಚೆಲ್ಲಿದ ನೀರು ವಾಪಸ್ ಇಳಿಯುತ್ತದೆ, ಹತ್ತು ಮನೆಯ ಹಗ್ಗ ಬಕೆಟ್ಟು ಇಳಿಯುತ್ತವೆ. ಬಾವಿಯ ಬಾಯಿ ಮುಚ್ಚಿ ಮೇಲೊಂದು ಪಂಪು ಕೂರಿಸಿದರೆ ಮಣ್ಣಿನ ಪದರಗಳು ಸೋಸಿಕೊಟ್ಟ ನೀರು ಹಾಗೇ ಮೇಲೆ ಬರುತ್ತದೆ.

ಈಗಿನ ಜಿಂಬಾಬ್ವೆಯ ಮಟಾಬೆಲೆಲ್ಯಾಂಡಿನಲ್ಲಿ, ಬ್ರಿಟಿಷರ ಕಾಲದಲ್ಲಿ, ನೀರು ಸರಬರಾಜಿನ ಅಧಿಕಾರಿಯಾಗಿದ್ದ ಟಾಮಿ ಮರ್ಗಟ್ರಾಯ್ಡ್ ಎಂಬವರು 1933ರಲ್ಲಿ ಒಂದು ಪಂಪು ಮಾಡಿದರು. ಅದಕ್ಕೆ ಬುಷ್ ಪಂಪು ಅಂತ ಹೆಸರು. ಅದರ ಗುಟ್ಟು ಒಂದು ಮರದ ದಿಮ್ಮಿ. ಕಬ್ಬಿಣದ ಬೇರಿಂಗಿನ ಬದಲು, ಎಣ್ಣೆಯಲ್ಲಿ ಕುದಿಸಿದ ಗಟ್ಟಿ ಮರದ ತುಂಡೇ ಹಿಡಿಕೆಯ ಭಾರ ಹೊರುತ್ತದೆ. ಸವೆದರೆ ಬೋಲ್ಟ್ ಬಿಗಿ ಮಾಡಿದರಾಯಿತು, ತೀರಾ ಸವೆದರೆ ಊರ ಬಡಗಿಯೇ ಇನ್ನೊಂದು ಮಾಡಿಕೊಡಬಹುದು. 1980ರಲ್ಲಿ ಜಿಂಬಾಬ್ವೆ ಸ್ವತಂತ್ರವಾದ ಮೇಲೆ ಪೀಟರ್ ಮಾರ್ಗನ್ ಎಂಬ ವಿಜ್ಞಾನಿ ಸರ್ಕಾರದ ಜೊತೆ ಸೇರಿ ಇದನ್ನೇ ಸುಧಾರಿಸಿದರು. ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತ ಬಿಟ್ಟರು. ಹತ್ತಾರು ಸಾವಿರ ಪಂಪುಗಳು ನಿಂತವು.

ಮಾರ್ಗನ್ ಮಾಡಿದ ಇನ್ನೊಂದು ಕೆಲಸ ನನಗೆ ಇನ್ನೂ ಇಷ್ಟವಾಯಿತು. ಹೊಸ ಬಾವಿಯೇ ಬೇಕೆಂದಿಲ್ಲ, ಮನೆಯವರು ತಾವೇ ತೋಡಿಕೊಂಡ ಹಳೇ ಬಾವಿಗೆ ಒಳಗೆ ಇಟ್ಟಿಗೆ ಕಟ್ಟಿ, ಸುತ್ತ ಸಿಮೆಂಟಿನ ಕಟ್ಟೆ ಹಾಕಿ, ಮೇಲೆ ಮುಚ್ಚಳ, ಒಂದು ರಾಟೆ, ಒಂದೇ ಬಕೆಟ್ಟು ಇಟ್ಟರೆ ನೀರು ಎಷ್ಟೋ ಶುದ್ಧವಾಗುತ್ತದೆ ಎಂದು ತೋರಿಸಿದರು. ಚೆಲ್ಲಿದ ನೀರು ಕಾಲುವೆಯಲ್ಲಿ ದೂರ ಹರಿದು ಹೋಗಬೇಕು, ಪಾಯಿಖಾನೆ ಬಾವಿಯಿಂದ ದೂರ ಇರಬೇಕು, ಇಷ್ಟೇ ನಿಯಮ. ಅವರಿಗೆ 2013ರಲ್ಲಿ ಸ್ಟಾಕ್‌ಹೋಮ್ ವಾಟರ್ ಪ್ರೈಜ್ ಬಂತು.

ಸೋಲಾಪುರದಿಂದ ಹೊರಟ ಪಂಪು

ಈಗ ನಮ್ಮ ಕಡೆಗೆ ಬರೋಣ. 1966-67ರ ಬರಗಾಲದಲ್ಲಿ ಬಿಹಾರ, ಉತ್ತರ ಪ್ರದೇಶಗಳು ನೀರಿಲ್ಲದೆ ಒದ್ದಾಡಿದವು. ಆಗ ಯುನಿಸೆಫ್ ಸಂಸ್ಥೆ ಬಂಡೆ ಕೊರೆಯುವ ಯಂತ್ರಗಳನ್ನು ವಿಮಾನದಲ್ಲಿ ತರಿಸಿತು. ಆ ಯಂತ್ರಗಳಿಂದ ಮುಂದೆ ಡೆಕ್ಕನ್ ಸೀಮೆಯ ನಸೀಬೇ ಬದಲಾಯಿತು. ಕೈಯಿಂದ ತಿಂಗಳುಗಟ್ಟಲೆ ಒಡೆದರೂ ಒಡೆಯದ ಕಲ್ಲನ್ನು ಯಂತ್ರ ಒಂದೆರಡು ದಿನದಲ್ಲಿ ಕೊರೆದು ನೀರು ತೋರಿಸಿತು. ಊರೂರಿಗೆ ಬೋರಿಂಗ್ ಬಂತು.

ನೀರೇನೋ ಸಿಕ್ಕಿತು, ಮೇಲೆ ಕೂರಿಸಿದ ಪಂಪು ನಿಲ್ಲಲಿಲ್ಲ. ಅವು ಬೀಡು ಕಬ್ಬಿಣದ ಪಂಪುಗಳು. ಯುರೋಪು, ಅಮೆರಿಕಾಗಳಲ್ಲಿ ಒಂದು ಮನೆಯವರು ದಿನಕ್ಕೆ ಹತ್ತಾರು ಕೊಡ ಎತ್ತಲಿ ಅಂತ ಮಾಡಿದ ಪಂಪಿನ ನಕಲು. ನಮ್ಮ ಊರಲ್ಲಿ ಅದರ ಮುಂದೆ ಬೆಳಿಗ್ಗೆ ನಾಲ್ಕರಿಂದ ರಾತ್ರಿವರೆಗೂ ಸಾಲು! ಇನ್ನೂರು ಮುನ್ನೂರು ಜನ ಒಂದೇ ಹಿಡಿಕೆ ಎಳೆದರೆ ಏನಾದೀತು? 1970ರ ದಶಕದ ಮಧ್ಯದಲ್ಲಿ ಲೆಕ್ಕ ಹಾಕಿ ನೋಡಿದಾಗ ನಾಲ್ಕರಲ್ಲಿ ಮೂರು ಪಂಪು ಕೆಟ್ಟು ನಿಂತಿದ್ದವು. ಕೋಟಿಗಟ್ಟಲೆ ಹಣ ಬಂಡೆಯ ತೂತಿಗೆ ಹೋದ ಹಾಗಾಯಿತು.

ಇದಕ್ಕೆ ಉತ್ತರ ದೊಡ್ಡ ಕಂಪನಿಗಳಲ್ಲಿ ಹುಟ್ಟಲಿಲ್ಲ. ಮಹಾರಾಷ್ಟ್ರದ ಜಾಲ್ನಾ ಮತ್ತು ಸೋಲಾಪುರದಲ್ಲಿ ಬರಗಾಲದ ಕೆಲಸಕ್ಕಿಳಿದಿದ್ದ ಮಿಷನ್ ಸಂಸ್ಥೆಗಳ ವರ್ಕ್‌ಶಾಪುಗಳಲ್ಲಿ ಹುಟ್ಟಿತು. ಅಲ್ಲಿನ ಮೆಕ್ಯಾನಿಕ್‌ಗಳು ಬೀಡು ಕಬ್ಬಿಣ ಬಿಟ್ಟು, ಉಕ್ಕನ್ನು ವೆಲ್ಡಿಂಗ್ ಮಾಡಿ ಪಂಪು ಕಟ್ಟಿದರು. ನಾಲ್ಕಾರು ಕೀಲುಗಳ ಬದಲು ಒಂದೇ ಕೀಲು. ಹಿಡಿಕೆಯ ತುದಿಗೆ ಸೈಕಲ್ ಚೈನಿನಂಥ ಒಂದು ಚೈನು. ಹಿಡಿಕೆ ಬಾಗಿ ಏಳುವಾಗಲೂ ಕೆಳಗಿನ ರಾಡು ಓರೆಯಾಗದೆ ನೇರವಾಗಿ ಮೇಲೆ ಕೆಳಗೆ ಹೋಗುತ್ತದೆ. ಹಾಗಾಗಿ ಸವೆತ ಕಡಿಮೆ.

ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತ ಸರ್ಕಾರ ಈ ಸೋಲಾಪುರ ಪಂಪನ್ನೇ ಬುನಾದಿಯಾಗಿಟ್ಟುಕೊಂಡವು. ಮದರಾಸಿನಲ್ಲಿದ್ದ ಸರ್ಕಾರಿ ಕಾರ್ಖಾನೆ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಅದನ್ನು ಯಂತ್ರಗಳಲ್ಲಿ ಸಾಲಾಗಿ ತಯಾರಿಸುವಂತೆ ತಿದ್ದಿತು. ಕೊಯಮತ್ತೂರು ಕಡೆಯ ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು. 1970ರ ದಶಕದ ಕೊನೆಯ ಹೊತ್ತಿಗೆ ಅದು ಇಂಡಿಯಾ ಮಾರ್ಕ್ ಟು ಎಂಬ ಹೆಸರಿನಲ್ಲಿ ಹೊರಬಂತು. ನಮ್ಮ ಊರಿನ ಶಾಲೆಯ ಮುಂದೆ, ಹನುಮಪ್ಪನ ಗುಡಿಯ ಪಕ್ಕದಲ್ಲಿ ಇದ್ದದ್ದು, ನಾವು ಚಿಕ್ಕವರಿದ್ದಾಗ ಹಿಡಿಕೆಗೆ ಜೋತು ಬಿದ್ದು ನೀರು ಹೊಡೆದದ್ದು ಇದೇ ಪಂಪು.

ಹಿಡಿಕೆಗೆ ಎಂಟಕ್ಕೆ ಒಂದರ ಬಲ. ಅಂದರೆ ನಾವು ಒಂದು ಕೆಜಿ ಒತ್ತಿದರೆ ಆ ಕಡೆ ಎಂಟು ಕೆಜಿ ಎತ್ತುತ್ತದೆ. ಹಾಗಾಗಿ ಐವತ್ತು ಮೀಟರ್‌ವರೆಗಿನ ಆಳದ ನೀರನ್ನೂ ಹೆಂಗಸರು, ದೊಡ್ಡ ಮಕ್ಕಳು ಎತ್ತಬಲ್ಲರು. ನಿಮಿಷಕ್ಕೆ ಸುಮಾರು 12 ಲೀಟರ್, ಒಂದು ಕೊಡ ತುಂಬಲು ಒಂದೂವರೆ ನಿಮಿಷ ಸಾಕು. ವಿನ್ಯಾಸವನ್ನು ಯಾರೂ ಬಚ್ಚಿಟ್ಟುಕೊಳ್ಳಲಿಲ್ಲ. ಅದಕ್ಕೆ ಭಾರತೀಯ ಮಾನಕ ಬಂತು. ಒಂದು ಕಾರ್ಖಾನೆಯ ಬಿಡಿಭಾಗ ಇನ್ನೊಂದರ ಪಂಪಿಗೆ ಕೂರುವ ಹಾಗಾಯಿತು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕೈಪಂಪು ಇದೇ.

ಸಮುದ್ರ ದಾಟಿದ ಮೇಲೆ

1977ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾತಾದಲ್ಲಿ ವಿಶ್ವಸಂಸ್ಥೆಯ ನೀರಿನ ಸಮ್ಮೇಳನ ನಡೆಯಿತು. 1981ರಿಂದ 1990ರವರೆಗೆ ಕುಡಿಯುವ ನೀರಿನ ದಶಕ ಅಂತ ಸಾರಿದರು. ಹತ್ತು ವರ್ಷದಲ್ಲಿ ಎಲ್ಲರಿಗೂ ನೀರು ಎಂಬುದು ಗುರಿ. ಆಫ್ರಿಕಾದ ಹಳ್ಳಿಗಳಿಗೆ ಲಾರಿಗಳಲ್ಲಿ ಡ್ರಿಲ್ಲಿಂಗ್ ಯಂತ್ರಗಳು ಬಂದವು, ಹಡಗಿನಲ್ಲಿ ಭಾರತದ ಪಂಪುಗಳು ಬಂದವು. ಘಾನಾ ತನಗೆ ಬೇಕಾದಂತೆ ಮಾರ್ಕ್ ಟು ಪಂಪನ್ನು ತಿದ್ದಿಕೊಂಡಿತು. ಉಗಾಂಡಾದಲ್ಲಿ ಇದಕ್ಕೆ ಯು-2 ಎಂದೇ ಹೆಸರು.

ಆದರೆ ಅಲ್ಲೊಂದು ತೊಡಕು ಕಾಣಿಸಿತು. ನಮ್ಮಂಥ ಕೆಲಸಗಾರರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಪಿನಲ್ಲಿ ಮೊದಲು ಸವೆಯುವುದು ಕೆಳಗೆ, ನೀರಿನೊಳಗೆ, ಸಿಲಿಂಡರಿನಲ್ಲಿರುವ ಚರ್ಮದ ವಾಷರ್. ಅದರ ಬೆಲೆ ಒಂದು ಚಹಾಕ್ಕಿಂತ ಹೆಚ್ಚೇನಿಲ್ಲ. ಆದರೆ ಅದನ್ನು ಬದಲಿಸಬೇಕೆಂದರೆ ಮೇಲಿನಿಂದ ಕೆಳಗಿನವರೆಗೆ ಅಷ್ಟೂ ಜಿಐ ಪೈಪನ್ನು ಎತ್ತಬೇಕು. ಮೂವತ್ತು ನಲವತ್ತು ಮೀಟರ್ ಪೈಪು ಅಂದರೆ ನಾಲ್ಕೈದು ಆಳು, ಎತ್ತುವ ಸಲಕರಣೆ, ಪೈಪ್ ರೆಂಚುಗಳು, ಅವನ್ನೆಲ್ಲ ತರಲು ಒಂದು ಗಾಡಿ ಬೇಕು.

ನಮ್ಮ ದೇಶದಲ್ಲಿ ಇದಕ್ಕೊಂದು ವ್ಯವಸ್ಥೆ ಕಟ್ಟಿದರು. ಊರಲ್ಲಿ ಪಂಪು ನೋಡಿಕೊಳ್ಳುವವನು ಒಬ್ಬ, ಅವನ ಮೇಲೆ ಬ್ಲಾಕ್ ಮಟ್ಟದ ಮೆಕ್ಯಾನಿಕ್, ಅವನ ಮೇಲೆ ಜಿಲ್ಲೆಯ ರಿಪೇರಿ ಗಾಡಿ. ತಡವಾದರೂ ಬರುತ್ತಿತ್ತು. ತಾಲ್ಲೂಕಿನ ಅಂಗಡಿಯಲ್ಲಿ ವಾಷರ್ ಸಿಗುತ್ತಿತ್ತು. ಆಫ್ರಿಕಾದ ಎಷ್ಟೋ ಹಳ್ಳಿಗೆ ಜಿಲ್ಲಾ ಕೇಂದ್ರವೇ ನೂರಾರು ಕಿಲೋಮೀಟರ್ ದೂರ. ರಸ್ತೆ ಮಣ್ಣಿನದು. ಗಾಡಿ ಇದ್ದರೆ ಡೀಸೆಲ್ ಇಲ್ಲ, ಡೀಸೆಲ್ ಇದ್ದರೆ ಸ್ಪೇರ್ ಪಾರ್ಟ್ ಇಲ್ಲ. ಚಹಾ ಬೆಲೆಯ ವಾಷರಿಗಾಗಿ ಸಾವಿರಾರು ಡಾಲರಿನ ಬಾವಿ ತಿಂಗಳುಗಟ್ಟಲೆ ಸುಮ್ಮನೆ ನಿಂತಿರುತ್ತಿತ್ತು. ಹೆಂಗಸರು ಕೊಡ ಹೊತ್ತು ಮತ್ತೆ ಹಳೇ ಹೊಂಡಕ್ಕೇ ಹೋಗುತ್ತಿದ್ದರು.

ಒಂದೇ ಸ್ಪ್ಯಾನರಿನ ಪಂಪು

ಆಗ ವಿಶ್ವ ಬ್ಯಾಂಕು ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಒಂದು ಹೊಸ ತತ್ವ ಹೇಳಿದರು. ಪಂಪು ಎಷ್ಟು ಗಟ್ಟಿ ಎನ್ನುವುದು ಮುಖ್ಯವಲ್ಲ, ಕೆಟ್ಟರೆ ಊರಿನವರೇ ಅದನ್ನು ಬಿಚ್ಚಿ ಕೂಡಿಸಬಲ್ಲರೇ ಎನ್ನುವುದು ಮುಖ್ಯ. ಈ ಯೋಚನೆಯಿಂದ 1980ರ ದಶಕದಲ್ಲಿ ಮಲಾವಿ ಮತ್ತು ಕೀನ್ಯಾ ದೇಶಗಳಲ್ಲಿ ಪ್ರಯೋಗ ನಡೆದು ಆಫ್ರಿದೇವ್ ಪಂಪು ಹುಟ್ಟಿತು. ಕಬ್ಬಿಣದ ಪೈಪಿನ ಬದಲು ಪಿವಿಸಿ. ಪೈಪನ್ನು ಅಲುಗಾಡಿಸದೆಯೇ ಒಳಗಿನ ರಾಡನ್ನು, ಪಿಸ್ಟನ್ನನ್ನು, ಕೊನೆಗೆ ಕೆಳಗಿನ ವಾಲ್ವನ್ನೂ ಮೇಲಕ್ಕೆ ಎಳೆದುಕೊಳ್ಳಬಹುದು. ರಾಡುಗಳು ಕೊಂಡಿ ಹಾಕಿದ ಹಾಗೆ ಒಂದಕ್ಕೊಂದು ಸಿಕ್ಕಿಸುವಂಥವು, ಚೂಡಿ ತಿರುಗಿಸುವ ಗೋಜಿಲ್ಲ. ಮಾಮೂಲಿ ರಿಪೇರಿಗೆ ಒಂದು ಸ್ಪ್ಯಾನರ್, ಮತ್ತು ವಾಲ್ವನ್ನು ಮೇಲೆತ್ತುವ ಒಂದು ಕೊಕ್ಕೆ. ಅಷ್ಟೇ.

ಇದಕ್ಕೂ ಪೇಟೆಂಟ್ ಇಲ್ಲ. ಆಫ್ರಿದೇವ್ ಪಂಪುಗಳನ್ನು ಭಾರತದ ಕಾರ್ಖಾನೆಗಳೂ ಮಾಡಿ ಆಫ್ರಿಕಾಕ್ಕೆ ಕಳಿಸುತ್ತವೆ. ಮಾರ್ಕ್ ಟು ಪಂಪಿನಲ್ಲೂ ಇದೇ ಪಾಠ ಕಲಿತು ಮಾರ್ಕ್ ಥ್ರೀ ಮಾಡಿದರು. ಅದರಲ್ಲಿ ಪೈಪು ಅಗಲ, ವಾಷರ್ ಬದಲಿಸಲು ಪೈಪು ಎತ್ತಬೇಕಿಲ್ಲ.

ಈ ಪ್ರಯೋಗಗಳಲ್ಲಿ ನನಗೆ ಬಹಳ ಹಿಡಿಸಿದ್ದು ಕೀನ್ಯಾದ ಕ್ವಾಲೆ ಜಿಲ್ಲೆಯದು. ಮೊಂಬಾಸಾ ಬಂದರಿನ ದಕ್ಷಿಣಕ್ಕೆ, ತೆಂಗಿನ ಮರಗಳ ಕರಾವಳಿ. ನಮ್ಮ ಮಂಗಳೂರು ಉಡುಪಿ ಕಡೆಯವರು ನೋಡಿದರೆ ಊರು ನೆನಪಾಗುವಂಥ ಜಾಗ. 1983ರಲ್ಲಿ ಅಲ್ಲಿ ಕೈಪಂಪುಗಳ ಯೋಜನೆ ಶುರುವಾಯಿತು. ಪಂಪು ಹಾಕಿ ಹೋಗುವ ಬದಲು ಮೊದಲು ಊರಿನವರ ಜೊತೆ ಕೂತು ಮಾತಾಡಿದರು. ಪ್ರತಿ ಪಂಪಿಗೂ ಒಂದು ಕಮಿಟಿ, ಅದರಲ್ಲಿ ಹೆಂಗಸರು. ರಿಪೇರಿ ಕೆಲಸವನ್ನೂ ಹೆಂಗಸರಿಗೇ ಕಲಿಸಿದರು.

ಯಾಕೆ ಹೆಂಗಸರು? ಅಲ್ಲಿ ನೀರು ತರುವವರು ಅವರೇ. ಪಂಪು ಕೆಟ್ಟರೆ ಕತ್ತು ನೋಯುವುದು ಯಾರದ್ದೋ, ಅವರಿಗೇ ಅದನ್ನು ಸರಿಮಾಡುವ ಅವಸರ ಇರುತ್ತದೆ. ಇನ್ನೊಂದು ಕಾರಣವನ್ನು ಪರದೇಶದಲ್ಲಿರುವ ನಾವು ಚೆನ್ನಾಗಿ ಬಲ್ಲೆವು. ಕೆಲಸ ಕಲಿತ ಗಂಡಸು ಪಟ್ಟಣಕ್ಕೆ ಹೊರಟುಬಿಡುತ್ತಾನೆ! ಕ್ವಾಲೆಯ ಹುಡುಗ ಸ್ಪ್ಯಾನರ್ ಹಿಡಿಯಲು ಕಲಿತರೆ ಮೊಂಬಾಸಾಕ್ಕೆ ಹೋಗುತ್ತಾನೆ, ಅಲ್ಲಿಂದ ನಮ್ಮ ಹಾಗೇ ದುಬೈಗೋ ದೋಹಾಕ್ಕೋ ಬರುತ್ತಾನೆ. ಊರಲ್ಲಿ ಉಳಿಯುವವಳು ಹೆಂಗಸು. ನಮ್ಮ ಬಿಲ್ಡಿಂಗಿನಲ್ಲಿ ಕೆಲಸ ಮಾಡುವ ಕೀನ್ಯಾದ ಸೆಕ್ಯುರಿಟಿ ಗಾರ್ಡ್ ಒಬ್ಬನಿಗೆ ಇದನ್ನು ಹೇಳಿದಾಗ ಅವನು ನಕ್ಕು, "ನಮ್ಮ ಅಮ್ಮನ ಊರಲ್ಲೂ ಪಂಪಿನ ದುಡ್ಡು ಇರುವುದು ಹೆಂಗಸರ ಹತ್ತಿರವೇ. ಗಂಡಸರ ಕೈಗೆ ಕೊಟ್ಟರೆ ಅದು ನೀರಾಗುವುದಿಲ್ಲ, ಬಿಯರ್ ಆಗುತ್ತದೆ" ಅಂದ.

ತಿರುಗುವ ಚಕ್ರದ ಮೋಸ

ಎಲ್ಲ ಪ್ರಯೋಗವೂ ಹೀಗೆ ನೆಲ ನೋಡಿಕೊಂಡು ನಡೆಯಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಪ್ಲೇಪಂಪ್ ಎಂಬುದು ಬಂತು. ಜಾತ್ರೆಯಲ್ಲಿ ಮಕ್ಕಳು ಕೂತು ತಿರುಗುವ ಚಕ್ರ ಇರುತ್ತದಲ್ಲ, ಅಂಥದ್ದು. ಮಕ್ಕಳು ಆಡುತ್ತಾ ಚಕ್ರ ತಿರುಗಿಸಿದರೆ ಬಾವಿಯ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಮೇಲಿನ ಜಾಹೀರಾತಿನಿಂದ ರಿಪೇರಿ ಖರ್ಚು ಹುಟ್ಟುತ್ತದೆ. ಕೇಳಿದರೆ ಯಾರಿಗಾದರೂ ಖುಷಿಯಾಗುತ್ತದೆ. 2006ರಲ್ಲಿ ಅಮೆರಿಕಾ ಅಧ್ಯಕ್ಷರ ಪತ್ನಿ ಲಾರಾ ಬುಷ್ ಅವರೇ ವೇದಿಕೆಯ ಮೇಲೆ ನಿಂತು 164 ಲಕ್ಷ ಡಾಲರ್ ಘೋಷಿಸಿದರು. 2010ರೊಳಗೆ ನಾಲ್ಕು ಸಾವಿರ ಪ್ಲೇಪಂಪ್ ಎಂಬುದು ಗುರಿ.

ನೆಲದ ಮೇಲೆ ಆದದ್ದೇ ಬೇರೆ. ಮಕ್ಕಳು ಎಷ್ಟು ಹೊತ್ತು ಆಡುತ್ತಾರೆ? ಹೇಳಿದಷ್ಟು ಜನರಿಗೆ ನೀರು ಕೊಡಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಅಂತ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿ ತೋರಿಸಿತು. ದಿನಕ್ಕಿರುವುದೇ 24 ಗಂಟೆ! ಮಕ್ಕಳು ಶಾಲೆಯಲ್ಲಿದ್ದಾಗ ಹೆಂಗಸರು, ಮುದುಕಿಯರು ಬಗ್ಗಿ ಬಗ್ಗಿ ಆ ಚಕ್ರ ನೂಕಬೇಕಾಯಿತು. ಮೊಜಾಂಬಿಕ್‌ನ ಕೆಲವು ಕಡೆ ಚೆನ್ನಾಗಿದ್ದ ಕೈಪಂಪನ್ನು ಕಿತ್ತು ಇದನ್ನು ಹಾಕಿದ್ದರು. ಇದು ಕೆಟ್ಟ ಮೇಲೆ ಅದೂ ಇಲ್ಲ, ಇದೂ ಇಲ್ಲ. ಬೆಲೆಯೋ, ಒಂದಕ್ಕೆ ಸುಮಾರು 14,000 ಡಾಲರ್, ಮಾಮೂಲಿ ಕೈಪಂಪಿನ ನಾಲ್ಕರಷ್ಟು. ಕೊನೆಗೆ ಹಣ ಕೊಟ್ಟ ಸಂಸ್ಥೆಯವರೇ ಈ ದಾರಿ ಸರಿಹೋಗಲಿಲ್ಲ ಅಂತ ಒಪ್ಪಿಕೊಂಡು ಕೈಬಿಟ್ಟರು. ಕೊಡುವವರಿಗೆ ಖುಷಿ ಕೊಡುವ ಪಂಪು ಬೇರೆ, ನೀರು ಹೊರುವವರಿಗೆ ಬೇಕಾದ ಪಂಪು ಬೇರೆ. ಬಳಸುವ ಹೆಂಗಸರನ್ನು ಮೊದಲೇ ಒಂದು ಮಾತು ಕೇಳಿದ್ದರೆ ಇಷ್ಟು ದುಡ್ಡು ಉಳಿಯುತ್ತಿತ್ತು.

ಮೂರರಲ್ಲಿ ಒಂದು

ಇಷ್ಟೆಲ್ಲ ಆದ ಮೇಲೂ ಲೆಕ್ಕ ಏನು ಹೇಳುತ್ತದೆ? 2009ರಲ್ಲಿ ಗ್ರಾಮೀಣ ನೀರು ಸರಬರಾಜಿನವರ ಒಂದು ಅಂತರರಾಷ್ಟ್ರೀಯ ಜಾಲ, ಸಹಾರಾದ ದಕ್ಷಿಣದ 20 ದೇಶಗಳ ಅಂಕಿ ಸೇರಿಸಿ ನೋಡಿತು. ಸುಮಾರು 36 ಶೇಕಡ ಕೈಪಂಪುಗಳು ಕೆಟ್ಟು ನಿಂತಿದ್ದವು. ಮೂರರಲ್ಲಿ ಒಂದು ಅಂತಿಟ್ಟುಕೊಳ್ಳಿ.

ಕಾರಣಗಳು ಹಲವು. ಊರಿನವರು ತಿಂಗಳ ಚಂದಾ ಕೊಡುವುದನ್ನು ನಿಲ್ಲಿಸುತ್ತಾರೆ. ಖಜಾಂಚಿಯ ಮೇಲೆ ಅನುಮಾನ ಬರುತ್ತದೆ. ನಮ್ಮ ಸಂಘ ಸಂಸ್ಥೆಗಳಲ್ಲಿ ಆಗದ್ದೇನಲ್ಲ ಬಿಡಿ! ಒಂದೊಂದು ದಾನಿ ಒಂದೊಂದು ದೇಶದ ಪಂಪು ತಂದು ನೆಡುತ್ತಾನೆ. ಒಂದರ ಸ್ಪೇರ್ ಇನ್ನೊಂದಕ್ಕೆ ಕೂರುವುದಿಲ್ಲ. ಇದಕ್ಕಾಗಿಯೇ ಘಾನಾ, ಉಗಾಂಡಾದಂಥ ದೇಶಗಳು ಇಂತಿಂಥ ಪಂಪು ಮಾತ್ರ ಹಾಕಬೇಕು ಅಂತ ಗೊತ್ತುಮಾಡಿದವು. ಪಶ್ಚಿಮ ಆಫ್ರಿಕಾದ ಕೆಲವು ಕಡೆ ಅಂತರ್ಜಲ ಹುಳಿ. ಅಲ್ಲಿ ಜಿಐ ಪೈಪು ಬೇಗ ತುಕ್ಕು ಹಿಡಿದು ನೀರು ಕೆಂಪಾಗುತ್ತದೆ. ಆ ನೀರಲ್ಲಿ ಅನ್ನ ಮಾಡಿದರೆ ಬಣ್ಣ ಕೆಡುತ್ತದೆ, ಬಟ್ಟೆ ಒಗೆದರೆ ಕಲೆ ಬೀಳುತ್ತದೆ. ಪಂಪು ಚೆನ್ನಾಗಿದ್ದರೂ ಜನ ಹೊಂಡಕ್ಕೇ ಹೋಗುತ್ತಾರೆ.

ಮತ್ತೊಂದು, ಕಣ್ಣಿಗೆ ಕಾಣದ್ದು. ತಿಳಿಯಾದ ನೀರೆಲ್ಲ ಒಳ್ಳೆಯದಲ್ಲ. ಇಥಿಯೋಪಿಯಾ, ಕೀನ್ಯಾ, ತಾಂಜಾನಿಯಾಗಳ ರಿಫ್ಟ್ ಕಣಿವೆಯಲ್ಲಿ ಬೋರ್ ನೀರಿಗೆ ಫ್ಲೋರೈಡ್ ವಿಪರೀತ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗಳು ಬಾಗುತ್ತವೆ. ಕೋಲಾರ, ಪಾವಗಡದ ಕಡೆಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ನಾಗಪುರದ ನೀರಿ ಸಂಸ್ಥೆ ಆಗ ಆಂಧ್ರಕ್ಕೆ ಸೇರಿದ್ದ ನಲ್ಗೊಂಡ ಜಿಲ್ಲೆಯ ಹೆಸರಿನಲ್ಲಿ, ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ವಿಧಾನ ಕಂಡುಹಿಡಿದಿತ್ತು. ಅದೂ ನಮ್ಮ ಪಂಪಿನ ಹಾಗೇ ತಾಂಜಾನಿಯಾ, ಇಥಿಯೋಪಿಯಾಗಳಿಗೆ ಹೋಯಿತು. ಬಾವಿ ತೋಡಿದ ಮೇಲೆ ನೀರಿನ ಪರೀಕ್ಷೆ ಮಾಡಿಸದೆ ಬಿಟ್ಟರೆ ದಾನವೇ ವಿಷವಾಗಬಹುದು ಎನ್ನುವುದನ್ನು ಮರೆಯಬಾರದು.

ಫುಂಡಿ ಬರುತ್ತಾನೆ

ಸ್ವಾಹಿಲಿ ಭಾಷೆಯಲ್ಲಿ ಮೇಸ್ತ್ರಿಗೆ, ಮೆಕ್ಯಾನಿಕ್‌ಗೆ ಫುಂಡಿ ಅನ್ನುತ್ತಾರೆ. ಕೀನ್ಯಾದ ಕ್ಯುಸೊ ಎಂಬ ಬರದ ಸೀಮೆಯಲ್ಲಿ 2013ರ ಸುಮಾರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಪಂಪಿನ ಹಿಡಿಕೆಯೊಳಗೆ ಮೊಬೈಲ್ ಫೋನಿನಂಥ ಒಂದು ಚಿಕ್ಕ ಪೆಟ್ಟಿಗೆ ಇಟ್ಟರು. ಹಿಡಿಕೆ ಎಷ್ಟು ಸಲ ಏರಿಳಿಯಿತು ಅಂತ ಅದು ಎಣಿಸಿ ಎಸ್ಸೆಮ್ಮೆಸ್ ಕಳಿಸುತ್ತದೆ. ಎಣಿಕೆ ನಿಂತರೆ ಪಂಪು ಕೆಟ್ಟಿದೆ ಅಂತ ಅರ್ಥ. ಕೂಡಲೇ ಫುಂಡಿ ಮೋಟಾರ್‌ಸೈಕಲ್ ಹತ್ತಿ ಹೊರಡುತ್ತಾನೆ. ಮೊದಲು ಪಂಪು ರಿಪೇರಿಯಾಗಲು ಸರಾಸರಿ 27 ದಿನ ಹಿಡಿಯುತ್ತಿತ್ತು, ಆಮೇಲೆ ಮೂರು ದಿನದೊಳಗೆ ಆಗತೊಡಗಿತು. ಆ ಪ್ರಯೋಗದಿಂದ ಫುಂಡಿಫಿಕ್ಸ್ ಎಂಬ ರಿಪೇರಿ ಸೇವೆ ಹುಟ್ಟಿ, ಕ್ಯುಸೊದಲ್ಲೂ ನಾವು ಮೇಲೆ ನೋಡಿದ ಕ್ವಾಲೆಯಲ್ಲೂ ನಡೆಯಿತು. ಊರಿನವರು ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ, ಪಂಪು ಕೆಟ್ಟರೆ ಸರಿಮಾಡುವುದು ಅವರ ಜವಾಬ್ದಾರಿ.

ಇದನ್ನು ನಾವು ಇಲ್ಲಿ ಏನನ್ನುತ್ತೇವೆ? ಎಎಂಸಿ! ಇಲ್ಲಿನ ಯಾವ ಬಿಲ್ಡಿಂಗಿನ ಮಾಲೀಕನೂ ಎಎಂಸಿ ಇಲ್ಲದೆ ಲಿಫ್ಟ್ ಹಾಕಿಸುವುದಿಲ್ಲ, ಚಿಲ್ಲರ್ ಹಾಕಿಸುವುದಿಲ್ಲ. ನಮ್ಮಲ್ಲಿ ಎಷ್ಟೋ ಜನರ ಅನ್ನ ನಡೆಯುತ್ತಿರುವುದೇ ಈ ಮೇಂಟೆನೆನ್ಸ್ ಕೆಲಸದಿಂದ. ಐವತ್ತು ಡಿಗ್ರಿ ಬಿಸಿಲಿನಲ್ಲಿ ಒಂದು ದಿನ ಎಸಿ ನಿಂತರೆ ಕಂಪ್ಲೇಂಟ್ ಮೇಲೆ ಕಂಪ್ಲೇಂಟ್ ಬರುತ್ತದೆ. ಮುನ್ನೂರು ಜನ ಕುಡಿಯುವ ಪಂಪಿಗೆ ಮಾತ್ರ, ಹಾಕಿ ಹೋದರೆ ಸಾಕು, ಮುಂದಿನದು ಊರಿನವರ ಹಣೆಬರಹ ಅಂತ ಜಗತ್ತು ಬಹಳ ಕಾಲ ನಡೆದುಕೊಂಡಿತು.

ಕೊಡುವ ಮೊದಲು ಕೇಳೋಣ

ಇದನ್ನು ಓದಿ ಬಾವಿಗೆ ಹಣ ಕೊಡುವುದನ್ನು ಯಾರೂ ನಿಲ್ಲಿಸಬೇಡಿ. ನಾರುಹುಣ್ಣಿನ ಲೆಕ್ಕ ಮೇಲೆ ಕೊಟ್ಟಿದ್ದೇನೆ. ನೀರಿನ ದಾನ ವ್ಯರ್ಥವಲ್ಲ. ಆದರೆ ಕೊಡುವ ಮೊದಲು ಐದು ಪ್ರಶ್ನೆ ಕೇಳೋಣ. ಈ ಪಂಪು ಆ ದೇಶದಲ್ಲಿ ಎಲ್ಲರೂ ಹಾಕುವ ಮಾದರಿಯದೇ, ಅದರ ಸ್ಪೇರ್ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ? ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ್ದಾರೆಯೇ? ರಿಪೇರಿ ಕಲಿತವರು ಊರಲ್ಲಿ ಯಾರಿದ್ದಾರೆ, ಅದರಲ್ಲಿ ಹೆಂಗಸರೆಷ್ಟು? ಪಂಪಿನ ಹಣ ಯಾರ ಹತ್ತಿರ ಇರುತ್ತದೆ, ಲೆಕ್ಕ ಯಾರಿಗೆ ತೋರಿಸುತ್ತಾರೆ? ಐದು ವರ್ಷದ ಹಿಂದೆ ಹಾಕಿದ ಪಂಪುಗಳಲ್ಲಿ ಇವತ್ತು ಎಷ್ಟು ನಡೆಯುತ್ತಿವೆ? ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡುವವರಿಗೆ ಧೈರ್ಯವಾಗಿ ಕೊಡಿ. "ನಿಮ್ಮ ಹೆಸರಿನ ಕಲ್ಲು ಹಾಕಿಸುತ್ತೇವೆ" ಅಂತ ಮಾತ್ರ ಹೇಳುವವರನ್ನು ಇನ್ನೊಮ್ಮೆ ವಿಚಾರಿಸಿ.

ನಮ್ಮ ಸಂಘದ ಮುಂದೆ ನನ್ನದೊಂದು ವಿನಂತಿ. ಪ್ರತಿವರ್ಷ ರಾಜ್ಯೋತ್ಸವದ ಖರ್ಚು ಕಳೆದು ಉಳಿದ ಹಣದಲ್ಲಿ ಏನಾದರೂ ಒಳ್ಳೆಯ ಕೆಲಸ ಮಾಡೋಣ ಅಂತ ಚರ್ಚೆ ಬರುತ್ತದೆ. ಈ ಸಲ ಹೊಸ ಬಾವಿಯ ಬದಲು, ಆಗಲೇ ತೋಡಿ, ಕೆಟ್ಟು ನಿಂತ ಹತ್ತು ಪಂಪುಗಳ ರಿಪೇರಿಗೆ ಕೊಡುವ ಬಗ್ಗೆ ಯೋಚಿಸೋಣ. ಅದು ಆಫ್ರಿಕಾದ್ದೇ ಆಗಲಿ, ನಮ್ಮ ಊರಿನ ಗುಡಿಯ ಪಕ್ಕದ್ದೇ ಆಗಲಿ. ರಿಬ್ಬನ್ ಕತ್ತರಿಸಲು ಆಗುವುದಿಲ್ಲ, ಕಲ್ಲಿನಲ್ಲಿ ಹೆಸರು ಬರುವುದಿಲ್ಲ. ವಾಷರ್, ಬೇರಿಂಗ್, ಚೈನು ಮತ್ತು ಒಬ್ಬ ಮೆಕ್ಯಾನಿಕ್‌ನ ಕೂಲಿ, ಇಷ್ಟೇ ಖರ್ಚು. ಬಾವಿ ಆಗಲೇ ಇದೆ, ನೀರೂ ಕೆಳಗಿದೆ. ಪಂಪಿನ ಕೆಲಸ ಬಲ್ಲವರು ನಮ್ಮ ಸದಸ್ಯರಲ್ಲಿ ಹತ್ತಾರು ಜನ ಇದ್ದೀರಿ. ಮುಂದಿನ ಸಾಮಾನ್ಯ ಸಭೆಗೆ ಬನ್ನಿ, ಎಸ್ಟಿಮೇಟ್ ಹಾಕೋಣ.